ಶುಕ್ರವಾರ ವಾಪಸ್ ಹೋಗದ ಚಪ್ಪಲಿ

ಸಕ್ಕರೆ ಕಾಯಿಲೆಯಿಂದ ನಮ್ಮಮ್ಮನ ಪಾದಗಳಿಗೆ ಸ್ಪರ್ಶವೇ ತಿಳಿಯುವುದಿಲ್ಲ. ಬರಿಗಾಲಲ್ಲಿ ನಡೆಯಬಾರದು, ಬಿಗಿ ಚಪ್ಪಲಿ ಹಾಕಬಾರದು, ಗಾಯವಾದರೆ ಬೆರಳೇ ಹೋದೀತು ಎಂದು ಡಾಕ್ಟರು ಎಚ್ಚರಿಸಿದ್ದರು. ನಮ್ಮೂರು ತಳಿಯಿಂದ ಹೊಸೂರಿಗೆ ಅವಳನ್ನು ಬಸ್ಸು ಹತ್ತಿಸಿ ಇಳಿಸುವುದನ್ನು ನೆನೆದೇ ಸುಸ್ತಾಗಿ, ಮೆತ್ತನೆಯ ಚಪ್ಪಲಿಯನ್ನು ಫೋನಿನಲ್ಲೇ ತರಿಸಿದೆ.

ಅಮ್ಮ ಹಾಕಿಕೊಂಡು ಅಂಗಳದಲ್ಲಿ ಓಡಾಡಿದಳು. "ಸರಿಯಾಗೈತೆ ಕಣ್ಲಾ" ಅಂದಳು. ಸಂಜೆ ನೋಡಿದರೆ ಹೆಬ್ಬೆರಳಿನ ಬುಡದಲ್ಲಿ ಕೆಂಪು ಗೆರೆ. ಬಿಗಿಯಾದದ್ದು ಅವಳಿಗೆ ಗೊತ್ತೇ ಆಗಿರಲಿಲ್ಲ.

ಬದಲಾಯಿಸಿ ಕೊಡಲು ಕೇಳಿಕೊಂಡೆ. ದೊಡ್ಡ ಅಳತೆಯದನ್ನು ಚೀಲದಲ್ಲಿಟ್ಟುಕೊಂಡು ಕೊರಿಯರಿನವನು ಬಂದದ್ದು ಶುಕ್ರವಾರ. ಅಮ್ಮ ಬಾಗಿಲಿಗೆ ಅಡ್ಡ ನಿಂತಳು.

"ಶುಕ್ರವಾರ ಮನೇಲಿರಾದ್ನ ಹೊರಕ್ಕೆ ಕೊಡಾಕಿಲ್ಲಪ್ಪ. ನಾಳೀಕೆ ಬಾ."

"ಚಪ್ಪಲಿ ಏನ್ ಮಹಾಲಕ್ಷ್ಮಿನಾಮ್ಮಾ?"

"ನಿನ್ ಹೆಂಡ್ತಿನ ಕೇಳು, ಇವತ್ತು ಪಕ್ಕದ್ಮನೆಗೆ ಉಪ್ಪು ಕೊಡ್ತಾಳಾ ಅಂತ."

ಅವನು ನಕ್ಕುಬಿಟ್ಟ. "ಕೊಡಲ್ಲ ಬುಡಮ್ಮ."

"ಹಂಗಾರೆ ದೊಡ್ಡದ್ನ ಕೊಟ್ಟೋಗು. ಇದ್ನ ನಾಳೆ ತಕ್ಕಂಡೋಗುವಂತೆ."

"ಸಿಸ್ಟಮ್ ಒಪ್ಪಲ್ಲಮ್ಮಾ."

"ಯಾರವನು? ಅವನ್ಗೂ ಹೇಳು, ಶುಕ್ರವಾರ ಅಂತ."

ನಾನೇ ಕೊಡುತ್ತೇನೆಂದು ಮುಂದೆ ಹೋದೆ. "ಓದ್ಬುಟ್ರೆ ಮನೆ ನಿಂದಾಗೋಯ್ತೇನ್ಲಾ?" ಎಂದು ಗದರಿದಳು. ಅವನು ಫೋನಿನಲ್ಲಿ ಏನೋ ಒತ್ತಿ, ದೊಡ್ಡ ಚಪ್ಪಲಿಯೊಂದಿಗೆ ಹೊರಟುಹೋದ. ಗ್ರಾಹಕರು ಬೇಡವೆಂದಿದ್ದಾರೆ ಎಂಬ ಸಂದೇಶ ನನಗೆ ಬಂತು. ಮತ್ತೆ ಕೇಳಿಕೊಳ್ಳಲು ಹೋದಾಗ ಕಾರಣ ಗುರುತಿಸಬೇಕಿತ್ತು. ಅಲ್ಲಿ ಶುಕ್ರವಾರ ಎಂಬ ಕಾರಣ ಇರಲಿಲ್ಲ. ಏನೋ ಒಂದನ್ನು ಒತ್ತಿದೆ. ಅಷ್ಟರಲ್ಲಿ ಆ ಅಳತೆಯೂ ಮುಗಿದಿತ್ತು.

"ನಾನು ಚಿಕ್ಕವನಿದ್ದಾಗ ಹೊಸೂರಿನ ಚಪ್ಪಲಿ ಅಂಗಡಿಯವನು ವಾರ ಬಿಟ್ಟು ಹೋದರೂ ಬದಲಾಯಿಸಿ ಕೊಡುತ್ತಿದ್ದ" ಎಂದು ಸಿಡುಕಿದೆ.

"ಯಾವಾಗ್ಲಾ ಕೊಟ್ಟ? ಬೈದು ಅಟ್ಟಿದ್ದ. ದಾರಿಯುದ್ದಕ್ಕೂ ಅಳ್ಕಂಡು ಬಂದಿದ್ದೆ ನೀನು."

ನನಗೆ ನೆನಪಿರುವುದು ಅವನ ನಗುಮುಖ, ಹೊಸ ರಬ್ಬರಿನ ವಾಸನೆ. ಅಳು ನೆನಪಿಲ್ಲ. ಹಿಂದಿನದೇ ಚೆನ್ನಾಗಿತ್ತು ಎನ್ನುವವರನ್ನು ಸಾಕ್ಷಿ ಎಲ್ಲಿ ಎಂದು ಕೇಳುವುದು ಕಾಲೇಜಿನ ದಿನಗಳಿಂದ ನನ್ನ ಚಾಳಿ. ಈಗ ಕೇಳೋಣವೆಂದರೆ ಆ ಅಂಗಡಿಯೂ ಇಲ್ಲ. ಆ ನಗು ಬೇರೆ ಯಾವುದೋ ಅಂಗಡಿಯದೂ ಇರಬಹುದು.

ಮರುದಿನ ಅಮ್ಮ ಕುಡುಗೋಲಿನಿಂದ ಚಪ್ಪಲಿಯ ಪಟ್ಟಿಯನ್ನು ಒಂದು ಕಡೆ ಸೀಳಿ, ಚಿಂದಿ ಬಟ್ಟೆಯಿಂದ ಸಡಿಲವಾಗಿ ಕಟ್ಟಿಕೊಂಡಳು. "ಈಗ ಸರೋಯ್ತು" ಅಂದಳು. ಹೊಸೂರಿಗೆ ಹೋಗೋಣವೆಂದರೆ, ಚೆಂಡುಹೂ ಬಿಡಿಸುವ ಕಾಲ, ಬಿಡುವೆಲ್ಲಿ ಎಂದಳು. ನಾನೂ ಒತ್ತಾಯಿಸಲಿಲ್ಲ.

ಅವಳ 'ಸರೋಯ್ತು' ನಂಬುವಂಥದ್ದಲ್ಲ. ಹಾಗಾಗಿ ದಿನವೂ ಅವಳು ಹೊಲದಿಂದ ಬಂದ ಮೇಲೆ ಜಗಲಿಯಲ್ಲಿ ಕೂರಿಸಿ, ಕಾಲು ತೊಳೆದು, ಪಾದ ತಿರುಗಿಸಿ ನೋಡುತ್ತೇನೆ. ನಿನ್ನೆ ಕೆಂಪಗಿದ್ದದ್ದು ಎಡಗಾಲೋ ಬಲಗಾಲೋ ನನಗೆ ನೆನಪಾಗುವುದಿಲ್ಲ. ಅವಳನ್ನು ಕೇಳಿ ಪ್ರಯೋಜನವಿಲ್ಲ. ಎರಡನ್ನೂ ಮತ್ತೆ ಮೊದಲಿನಿಂದ ನೋಡುತ್ತೇನೆ.