ಹನೂರು ಅಂತ ಎಳೆದರೆ ಯಳಂದೂರು ಬಂತು

ಕೊರೊನಾ ಮುಗಿದ ಮರುವರ್ಷ. ಕೊಳ್ಳೇಗಾಲದ ನಮ್ಮ ಮನೆಯ ಮುಂದಿನ ಕೋಣೆಯೇ ಸ್ಟುಡಿಯೋ. ಅಲ್ಲಿ ನನ್ನ ಕೆಲಸ ಮದುವೆ ವಿಡಿಯೋಗಳ ಮಿಕ್ಸಿಂಗ್, ಅಂದರೆ ಕ್ಯಾಮೆರಾದಲ್ಲಿ ಹಿಡಿದದ್ದನ್ನು ಕತ್ತರಿಸಿ, ಜೋಡಿಸಿ, ಹಾಡು ಕೂಡಿಸುವುದು. ಮಕ್ಕಳೇ, ನಿಮ್ಮ ತಾತ ಇದ್ದಾಗ ಕ್ಯಾಮೆರಾ ಹಿಡಿದು ಊರೂರು ತಿರುಗುತ್ತಿದ್ದವರು ಅವರು, ಒಳಗೆ ಕುಳಿತು ಜೋಡಿಸುತ್ತಿದ್ದವಳು ನಾನು. ಮಧುವನಹಳ್ಳಿ ಶಾಲೆಯಲ್ಲಿ ಕಲಿತ ನನಗೆ ನಾಲ್ಕು ಜನರ ಮುಂದೆ ಮಾತನಾಡಬೇಕೆಂದರೆ ಈಗಲೂ ಬಾಯಿ ಒಣಗುತ್ತದೆ. ಪರದೆಯ ಮೇಲಿನ ಜನರಾದರೆ ಚಿಂತೆಯಿಲ್ಲ, ಅವರು ನನ್ನನ್ನು ಏನೂ ಕೇಳುವುದಿಲ್ಲ.

ತಾತ ತೀರಿಕೊಂಡಾಗ ಬೀರುವಿನಲ್ಲಿ ಹತ್ತೊಂಬತ್ತು ಹಳೆಯ ಹಾರ್ಡ್ ಡಿಸ್ಕ್ ಇದ್ದವು. ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ಮದುವೆಗಳೆಲ್ಲ ಅವುಗಳಲ್ಲಿ. ಒಂದು ದಿನ ಅವುಗಳಲ್ಲೊಂದು ಟಿಕ್ ಟಿಕ್ ಎನ್ನತೊಡಗಿ ನಿಂತೇಹೋಯಿತು. ಹನ್ನೆರಡು ಮದುವೆ ಹೋದವು. ಉಳಿದವನ್ನಾದರೂ ಒಂದೇ ಕಡೆ ಭದ್ರವಾಗಿ ಇಡಬೇಕು ಎಂದುಕೊಂಡು ಕಂಪ್ಯೂಟರ್ ರಿಪೇರಿಯ ಚಿಕ್ಕಸ್ವಾಮಿಯನ್ನು ಕರೆಸಿದೆ.

"ಮನೇಲೇ ಒಂದು ಸರ್ವರ್ ಕಟ್ಟವ ಬುಡಿ ಅಕ್ಕ," ಎಂದ ಅವನು. ಯಾವುದೋ ಆಫೀಸಿನ ಹಳೇ ಕಂಪ್ಯೂಟರ್ ಒಂದನ್ನು ಹುಡುಕಿ ತಂದ. ಅದಕ್ಕೆ ದೊಡ್ಡ ಡಬ್ಬಿ, ಎರಡು ಫ್ಯಾನು, ಎಂಟು ಟೆರಾಬೈಟ್‌ನ ಆರು ಹೊಸ ಡಿಸ್ಕ್. ಸಾಫ್ಟ್‌ವೇರ್ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ. ಅದು ವಿಡಿಯೋವನ್ನು ಆರೂ ಡಿಸ್ಕಿಗೆ ಹಂಚಿ, ಜೊತೆಗೆ ಒಂದು ಲೆಕ್ಕವನ್ನೂ ಬರೆದಿಡುತ್ತದೆ. ಅದಕ್ಕೆ ಪ್ಯಾರಿಟಿ ಎನ್ನುತ್ತಾರೆ. ಮೂರು ನಾಲ್ಕು ಕೂಡಿದರೆ ಏಳು ಎಂದು ಸ್ಲೇಟಿನಲ್ಲಿದೆ ಅನ್ನಿ. ನಾಲ್ಕನ್ನು ಯಾರಾದರೂ ಅಳಿಸಿದರೂ ಏಳರಲ್ಲಿ ಮೂರು ಕಳೆದು ಹೇಳಬಹುದಲ್ಲ, ಹಾಗೆ.

"ಒಂದು ಡಿಸ್ಕ್ ಕೆಟ್ಟೋದ್ರೂ ತಡ್ಕತದ. ಸಾಕಲ್ವಕ್ಕ?"

"ಎಲ್ಡು ಓದ್ರೆ?" ಎಂದೆ.

ಅವನು ಸ್ಕ್ರೂಡ್ರೈವರ್ ಕೆಳಗಿಟ್ಟು ನಕ್ಕ. "ದಿನಕ್ಕೊಂದ್ ಮಾತಾಡೋರು ನೀವು, ಅದೂವೆ ಇಂಥ ಮಾತಾ!"

"ಎಲ್ಡು ಓದ್ರೂ ತಡೀಬೇಕು ಕಣಪ್ಪ." ಹಾಗೇ ಮಾಡಿದೆವು. ನಲವತ್ತೆಂಟು ಟೆರಾಬೈಟಿನಲ್ಲಿ ಹದಿನಾರು ಲೆಕ್ಕಕ್ಕೆ ಹೋಗಿ ಮೂವತ್ತೆರಡು ಉಳಿಯಿತು. ಸ್ವಿಚ್ ಒತ್ತಿದಾಗ ಪರದೆಯ ಮೇಲೆ ಆರೂ ಹಸಿರು! ನಾನು ಚಪ್ಪಾಳೆ ತಟ್ಟಿಬಿಟ್ಟೆ.

ಡಿಸ್ಕಿನ ಮೇಲಿನ ಉದ್ದದ ಸೀರಿಯಲ್ ನಂಬರ್ ನೆನಪಿಡುವುದು ಕಷ್ಟ. ಅದಕ್ಕೆ ಒಂದೊಂದಕ್ಕೂ ಒಂದೊಂದು ಊರಿನ ಹೆಸರಿಟ್ಟೆ: ಕೊಳ್ಳೇಗಾಲ, ಹನೂರು, ಯಳಂದೂರು, ಸತ್ತೇಗಾಲ, ರಾಮಾಪುರ, ಮಧುವನಹಳ್ಳಿ. ಕಂಪ್ಯೂಟರಿನಲ್ಲಿ ನಂಬರಿನ ಎದುರು ಹೆಸರು ಬರೆದೆ, ಡಿಸ್ಕ್ ಕೂರುವ ಗೂಡಿನ ಬಾಯಿಗೂ ಚೀಟಿ ಅಂಟಿಸಿದೆ. ಹಳೆಯದನ್ನೆಲ್ಲ ಇದಕ್ಕೆ ತುಂಬಲು ಹನ್ನೊಂದು ದಿನ ಹಿಡಿಯಿತು. ಆಮೇಲೆ ಹಳೆಯ ಡಿಸ್ಕುಗಳು ಒಂದೊಂದಾಗಿ ಕೆಟ್ಟುಹೋದರೂ ನಾನು ನಿಶ್ಚಿಂತೆಯಾಗಿದ್ದೆ.

ಆಯುಧಪೂಜೆ ಬಂತು. ಕ್ಯಾಮೆರಾ, ಟ್ರೈಪಾಡ್ ಎಲ್ಲ ಒರೆಸಿ ಕುಂಕುಮ ಇಟ್ಟ ಮೇಲೆ ಇದನ್ನು ಬಿಡುವುದು ಹೇಗೆ? ಕರೆಂಟ್ ಆರಿಸಿ, ಆರೂ ಡಿಸ್ಕ್ ಹೊರತೆಗೆದು, ಒಣಬಟ್ಟೆಯಲ್ಲಿ ಒರೆಸಿ, ಒಂದೊಂದು ಬೊಟ್ಟು ಇಟ್ಟು ಮತ್ತೆ ಗೂಡಿಗೆ ಸೇರಿಸಿದೆ. ಮತ್ತೆ ಆರೂ ಹಸಿರು. ಯಾವ ಡಿಸ್ಕ್ ಯಾವ ಗೂಡಿಗೆ ಹೋಯಿತು ಎಂದು ನೋಡಲೇ ಇಲ್ಲ.

ಎರಡು ತಿಂಗಳಾದ ಮೇಲೆ ರಾಮಾಪುರದಿಂದ ಮಾದೇವಿ ಎಂಬ ಹೆಂಗಸು ಫೋನ್ ಮಾಡಿದಳು. ಅವಳ ಮದುವೆಗೆ ತಾತನೇ ವಿಡಿಯೋ ತೆಗೆದಿದ್ದರು. "ನಮ್ಮವ್ವ ತೀರೋಗಿ ಹದಿನೈದ್ ದಿನ ಆಯ್ತು ಕಣಕ್ಕ. ಮದ್ವೇಲಿ ಸೋಬಾನೆ ಪದ ಹೇಳಿದ್ಲು. ಮನೇಲಿದ್ದ ಕ್ಯಾಸೆಟ್ ಬೂಷ್ಟು ಹಿಡ್ದದ. ನಿಮ್ ತಾವ ಅದ್ಯಾ?"

"ಅದ," ಎಂದೆ. "ನಾಳೆ ಬಾ."

ಮಾರನೆಯ ಬೆಳಿಗ್ಗೆ ಪರದೆ ಹಳದಿಯಾಗಿತ್ತು. ಹನೂರು ಕೆಟ್ಟಿದೆ ಎಂದು ತೋರಿಸುತ್ತಿತ್ತು. ನನಗೆ ಹೆದರಿಕೆಗಿಂತ ಹುರುಪೇ ಹೆಚ್ಚಾಯಿತು. ಹೊಸ ಡಿಸ್ಕ್ ಬೀರುವಿನಲ್ಲಿತ್ತು, ಬದಲಿಸುವ ಕ್ರಮವೂ ಗೊತ್ತಿತ್ತು. ಇಷ್ಟಕ್ಕೆಲ್ಲ ಚಿಕ್ಕಸ್ವಾಮಿಗೆ ಫೋನ್ ಮಾಡುವುದಕ್ಕೆ ನಾಚಿಕೆ. ಹನೂರು ಎಂಬ ಚೀಟಿ ನೋಡಿ, ಹಿಡಿಕೆ ಹಿಡಿದು ಎಳೆದೆ. ಪರದೆಯಲ್ಲಿ ಯಳಂದೂರೂ ಮಾಯವಾಯಿತು!

ಕೆಟ್ಟದ್ದೊಂದು, ನಾನು ಎಳೆದದ್ದೊಂದು. ಇನ್ನೊಂದು ಹೋದರೆ ಮಾದೇವಿಯ ಅವ್ವನ ದನಿ ಈ ಲೋಕದಲ್ಲಿ ಇನ್ನೆಲ್ಲೂ ಇಲ್ಲ. ಮಾದೇವಿ ಆಗಲೇ ಬಸ್ಸಿನಲ್ಲಿದ್ದಳು.

ಫೋನ್ ಮಾಡಿದೆ. ಚಿಕ್ಕಸ್ವಾಮಿ ಓಡಿಬಂದು ನನ್ನ ಕೈಯಲ್ಲಿದ್ದ ಡಿಸ್ಕಿನ ನಂಬರ್ ಓದಿದ.

"ಅಕ್ಕೋ, ಹನೂರ್‌ಗೆ ಅಂತ ಬಸ್ ಹತ್ತಿ ಯಳಂದೂರಲ್ಲಿ ಇಳ್ದಿದ್ದೀರಲ್ಲ! ಈ ಬೊಟ್ಟು ಯಾವಾಗ ಇಟ್ರಿ?"

ಹೇಳಿದೆ. ಅವನು ಹಣೆ ಚಚ್ಚಿಕೊಂಡ. "ಮಿಷನ್ನಿಗೆ ಡಿಸ್ಕಿನ ಗುರ್ತು ಅದ, ಗೂಡಿನ ಗುರ್ತು ಇಲ್ಲ. ನಿಮ್ಗೆ ಗೂಡಿನ ಗುರ್ತು ಅದ, ಡಿಸ್ಕಿಂದ್ ಇಲ್ಲ. ಆವತ್ತು ಎಲ್ಡು ಓದ್ರೂ ತಡೀಬೇಕು ಅಂದ್ರಲ್ಲ, ಅದೇ ಉಳಿಸ್ತು. ನನ್ ಮಾತು ಕೇಳಿದ್ರೆ ಇವತ್ತು ಕತೆ ಮುಗೀತಿತ್ತು."

ಎಳೆದದ್ದನ್ನು ಅದೇ ಗೂಡಿಗೆ ಸೇರಿಸಿದ. ಕೆಲವೇ ನಿಮಿಷದಲ್ಲಿ ಯಳಂದೂರು ಹಸಿರಾಯಿತು. ಕೆಟ್ಟ ಹನೂರು ರಾಮಾಪುರ ಎಂಬ ಚೀಟಿಯ ಗೂಡಿನಲ್ಲಿ ಕುಳಿತಿತ್ತು. "ಅದ ಆಮೇಲೆ ನೋಡವ. ಮೊದ್ಲು ಆ ಯಮ್ಮನ ವಿಡಿಯೋ ಪೆನ್‌ಡ್ರೈವ್‌ಗೆ ತಕಳಿ," ಎಂದ.

ಪೆನ್‌ಡ್ರೈವ್ ತೆಗೆಯುವ ಹೊತ್ತಿಗೆ ಮಾದೇವಿ ಬಾಗಿಲಲ್ಲಿದ್ದಳು. ವಿಡಿಯೋ ಹಾಕಿದೆ. ಹಸಿರು ಸೀರೆಯ ಹೆಂಗಸು ಗಂಡಿನ ಕಡೆಯವರನ್ನು ಒಬ್ಬೊಬ್ಬರಾಗಿ ಹೀಯಾಳಿಸಿ ಹಾಡುತ್ತಿದ್ದಳು. ಅಳುತ್ತಾಳೆ ಎಂದುಕೊಂಡಿದ್ದೆ. ಮಾದೇವಿ ಬಿದ್ದು ಬಿದ್ದು ನಕ್ಕಳು. "ನೋಡಕ್ಕ, ನಮ್ಮತ್ತೆ ಮಖ ನೋಡು, ಎಂಗ್ ಉಬ್ಬಿಸ್ಕಂಡವ್ಳೆ! ಇನ್ನೊಂದ್ ಸಲ ಹಾಕಿ." ಎರಡನೇ ಸಲ ಅವ್ವ ಹೇಳಿದ ಸಾಲಿಗೆ ಮಗಳು ಸೊಲ್ಲು ಹಿಡಿದು ಹಿಂದೆಯೇ ಹಾಡಿದಳು. ಚಿಕ್ಕಸ್ವಾಮಿ ಇದ್ದಾನೆ ಎಂಬುದನ್ನೂ ಮರೆತು ನಾನೂ ದನಿ ಸೇರಿಸಿದೆ.

ಈಗ ಹೆಸರಿನ ಚೀಟಿ ಡಿಸ್ಕಿನ ಮೈಮೇಲೇ ಇದೆ. ಹೆಸರು ಕೂರುವ ಜಾಗಕ್ಕಲ್ಲ, ವಸ್ತುವಿಗೇ ಬರೆಯಬೇಕು. ಇದು ಕೆಲಸ ಕಲಿಸಿದ ಪಾಠ. ಇನ್ನೊಂದು ಅದಕ್ಕಿಂತ ದೊಡ್ಡದು. ಹಳದಿ ಕಂಡ ತಕ್ಷಣ ನಾನು ಫೋನ್ ಮಾಡಬೇಕಿತ್ತು. ನಾಚಿಕೆ ನನ್ನದು ನಿಜ, ಆದರೆ ಅದಕ್ಕೆ ಕಳೆದುಹೋಗಲಿದ್ದದ್ದು ಮಾದೇವಿಯ ಅವ್ವನ ದನಿ.