ತಂಗಿಯ ಅಂಗಡಿಯ ಕಂಪ್ಯೂಟರ್

ಕೈಗುಣ ಎನ್ನುವುದನ್ನು ನಾನು ಎಂದೂ ನಂಬಿದವನಲ್ಲ. ನಮ್ಮ ಬೀದರ ಕಡೆ ಡಾಕ್ಟರಿಗೆ, ಎಮ್ಮೆ ಹಿಂಡುವವಳಿಗೆ, ಬೋರಿನ ಜಾಗ ತೋರಿಸುವವನಿಗೆ, ಎಲ್ಲರಿಗೂ ಒಂದು ಕೈಗುಣ ಹಚ್ಚಿಬಿಡುತ್ತಾರೆ. ಈಚೆಗೆ ಕಂಪ್ಯೂಟರ್ ರಿಪೇರಿಯವರಿಗೂ ಹಚ್ಚಿದ್ದಾರೆ. ಬೀದರಿನಲ್ಲಿ ನನ್ನದೇ ರಿಪೇರಿ ಅಂಗಡಿ ಇದೆ. ಯಂತ್ರ ಕೆಟ್ಟರೆ ಅದಕ್ಕೊಂದು ಕಾರಣ ಇರುತ್ತದೆ, ಕಾರಣ ಸಿಕ್ಕರೆ ಸರಿಹೋಗುತ್ತದೆ, ಕೈಯಲ್ಲಿ ಗುಣ ಗಿಣ ಏನೂ ಇಲ್ಲ ಎಂದು ಗಿರಾಕಿಗಳ ಮುಂದೆ ದೊಡ್ಡ ದನಿಯಲ್ಲಿ ಹೇಳುತ್ತಿದ್ದೆ. ಈಗ ದನಿ ಸ್ವಲ್ಪ ಇಳಿದಿದೆ. ಯಾಕೆಂದು ಹೇಳುತ್ತೇನೆ, ನಂಬುವುದು ಬಿಡುವುದು ನಿಮಗೆ ಸೇರಿದ್ದು.

ನನ್ನ ತಂಗಿ ಸುವರ್ಣಾಳನ್ನು ಔರಾದಿಗೆ ಕೊಟ್ಟಿದ್ದೇವೆ. ಗಂಡ ಡಾಬಕಾ ಹಳ್ಳಿಯ ಹೊಲ ನೋಡಿಕೊಳ್ಳುತ್ತಾನೆ. ಇವಳು ಔರಾದಿನ ಬಸ್ ನಿಲ್ದಾಣದ ಹತ್ತಿರ ಲಗ್ನಪತ್ರಿಕೆ, ಅರ್ಜಿ ಟೈಪ್ ಮಾಡಿಕೊಡುವ ಅಂಗಡಿ ನಡೆಸುತ್ತಾಳೆ. ಅಲ್ಲಿಯ ಕಂಪ್ಯೂಟರ್ ಜೋಡಿಸಿದವನು ನಾನು, ವೈರಿಂಗ್ ಮಾಡಿಸಿದವನೂ ನಾನೇ. ಪ್ರತಿ ಸಂತೆಯ ದಿನ ಬೀದರಿನಿಂದ ಕಾಗದ, ಪ್ರಿಂಟರಿನ ಇಂಕು ಹೊತ್ತು ಬಸ್ಸಿನಲ್ಲಿ ಹೋಗುತ್ತಿದ್ದೆ. "ಅಕ್ಕೋರ ಅಣ್ಣ ಬಂದ್ರು ನೋಡ್ರಿ, ಇಂಜಿನಿಯರ್" ಎಂದು ಪಕ್ಕದ ಅಂಗಡಿಯವರು ಜಾಗ ಮಾಡಿಕೊಡುತ್ತಿದ್ದರು. ನಾನು ಇಂಜಿನಿಯರ್ ಅಲ್ಲ. ಆದರೆ ತಂಗಿಯ ಎದುರಿಗೆ ಹಾಗೆ ಕರೆಸಿಕೊಳ್ಳುವುದು ಹಿತವಾಗಿರುತ್ತಿತ್ತು.

ಕೆಲ ವರ್ಷಗಳ ಹಿಂದಿನ ಒಂದು ಬೇಸಿಗೆಯಲ್ಲಿ ಆ ಕಂಪ್ಯೂಟರ್ ತನ್ನಷ್ಟಕ್ಕೆ ತಾನೇ ಬಂದ್ ಆಗಿ ಮತ್ತೆ ಚಾಲೂ ಆಗತೊಡಗಿತು. ನಾನು ಪಕ್ಕದಲ್ಲಿ ಕೂತು ಚಹಾ ಕುಡಿಯುತ್ತಿರುವಾಗಲೇ ಪರದೆ ಕಪ್ಪಾಗುತ್ತಿತ್ತು. ಅರ್ಧ ಟೈಪಾಗಿದ್ದ ಲಗ್ನಪತ್ರಿಕೆ ಹೋಗಿಬಿಡುತ್ತಿತ್ತು. ಕಾವು ಹೆಚ್ಚಾಗಿರಬೇಕೆಂದು ಧೂಳು ತೆಗೆದು ಪ್ರೊಸೆಸರಿಗೆ ಹೊಸ ಪೇಸ್ಟ್ ಹಚ್ಚಿದೆ. ರ‍್ಯಾಮ್ ಕಳಚಿ ರಬ್ಬರಿನಿಂದ ತಿಕ್ಕಿದೆ. ಕರೆಂಟ್ ಕೊಡುವ ಎಸ್‌ಎಂಪಿಎಸ್ ಬದಲಿಸಿದೆ, ವಿಂಡೋಸ್ ಹೊಸದಾಗಿ ಹಾಕಿದೆ. ಔರಾದಿನ ಕರಿಮಣ್ಣು ಬೇಸಿಗೆಯಲ್ಲಿ ಬಿರುಕು ಬಿಟ್ಟರೆ ಹುಗಿದ ಅರ್ಥಿಂಗ್ ಸಲಾಕೆ ಮಣ್ಣಿನ ಹಿಡಿತ ತಪ್ಪುತ್ತದೆ, ಅದಕ್ಕೆ ಅಲ್ಲಿಯವರು ದಿನಾ ಒಂದು ಕೊಡ ನೀರು ಹೊಯ್ಯುತ್ತಾರೆ. ಸುವರ್ಣಾ ಅದನ್ನೂ ತುಳಸಿಗೆ ಹಾಕಿದಷ್ಟು ಭಕ್ತಿಯಿಂದ ಮಾಡಿದಳು. ನಾನು ಹೋದಾಗ ಮತ್ತೆ ಅದೇ ಕಥೆ. ಕೊನೆಗೆ ಬೀದರಿಗೆ ಹೊತ್ತು ತಂದೆ. ನನ್ನ ಅಂಗಡಿಯಲ್ಲಿ, ನನ್ನ ಕಣ್ಣೆದುರಿಗೇ, ಹಗಲೆಲ್ಲ ಒಂದು ಸಲವೂ ತಪ್ಪದೆ ನಡೆಯಿತು. ಹಾಗೇ ವಾಪಸ್ ಒಯ್ದು ಔರಾದಿನಲ್ಲಿ ಇಟ್ಟು ಬಂದೆ.

ಇಲ್ಲಿ ಭಾಲ್ಕಿಯ ಸಂಗಮೇಶನ ವಿಷಯ ಹೇಳಬೇಕು. ಅವನದೂ ರಿಪೇರಿ ಅಂಗಡಿ, ನನಗಿಂತ ಬಹಳ ಚಿಕ್ಕವನು. ಅವನ ಹೆಸರು ಕೇಳಿದರೆ ಇಂದಿಗೂ ನನಗೆ ಮೈ ಉರಿಯುತ್ತದೆ. ಬಗದಲ್‌ನ ನನ್ನ ಹಳೇ ಗಿರಾಕಿಗಳು ಬೀದರ ದಾಟಿ ಭಾಲ್ಕಿಗೆ ಹೋಗುತ್ತಾರೆ. "ಸಂಗಮೇಶಂದು ಕೈಗುಣ ಚಲೋ ಅದರಿ" ಎಂದು ನನ್ನ ಮುಖಕ್ಕೇ ಹೇಳುತ್ತಾರೆ. ಹೊಟ್ಟೆಕಿಚ್ಚು ಅನ್ನಿ, ಹೌದು, ಹೊಟ್ಟೆಕಿಚ್ಚೇ. ಹೀಗಿರುವಾಗ ಒಂದು ದಿನ ಬೀದರಿನ ನನ್ನ ಅಂಗಡಿಗೆ ಬಂದ ಜನವಾಡದ ಪರಿಚಯದವನೊಬ್ಬ, ಭಾಲ್ಕಿಯ ಹುಡುಗ ನಿನ್ನೆ ನಿಮ್ಮ ತಂಗಿಯ ಅಂಗಡಿಯಲ್ಲಿ ಕೂತಿದ್ದ, ಇವತ್ತೂ ಬರುವವನಿದ್ದಾನಂತೆ ಎಂದ. ಗಿರಾಕಿಗಳು ಹೋದರೆ ಹೋಗಲಿ. ಒಡಹುಟ್ಟಿದ ತಂಗಿ ನನ್ನನ್ನು ಬಿಟ್ಟು ಅವನನ್ನು ಕರೆಸಿದಳೇ? ಅಂಗಡಿಯ ಷಟರ್ ಎಳೆದು ಸಿಕ್ಕ ಬಸ್ ಹತ್ತಿದೆ.

ಅದು ಸಂತೆಯ ದಿನವಲ್ಲ, ನಾನು ಬರುವುದು ಅವಳಿಗೆ ಗೊತ್ತಿರಲಿಲ್ಲ. ಎದುರಿನ ಚಹಾದ ಹೋಟೆಲಿನಲ್ಲಿ ನಿಂತು ನೋಡಿದೆ. ನಾನು ಕೂಡುವ ಕುರ್ಚಿಯ ಮೇಲೆ ಸಂಗಮೇಶ ಕೂತಿದ್ದ. ಸುವರ್ಣಾ ಟೈಪ್ ಮಾಡುತ್ತಿದ್ದಳು, ಪ್ರಿಂಟರಿನಿಂದ ಹಾಳೆಗಳು ಬೀಳುತ್ತಿದ್ದವು. ನಾನು ಚಹಾ ಮುಗಿಸಿದೆ, ಇನ್ನೊಂದು ಹೇಳಿದೆ, ಅದನ್ನೂ ಮುಗಿಸಿದೆ. ಪರದೆ ಒಮ್ಮೆಯೂ ಕಪ್ಪಾಗಲಿಲ್ಲ. ನನ್ನ ಇಡೀ ಬೇಸಿಗೆಯ ಕೆಲಸವನ್ನು ಅವನು ಕೂತಲ್ಲೇ ಮುಗಿಸಿದ್ದನೇನೋ ಎಂದು ಸಂಕಟವಾಯಿತು. ತಡೆಯಲಾರದೆ ರಸ್ತೆ ದಾಟಿ ಅಂಗಡಿಯೊಳಗೆ ಕಾಲಿಟ್ಟೆ.

ಕಾಲಿಟ್ಟದ್ದೇ ತಡ, ಪರದೆ ಕಪ್ಪಾಯಿತು.

ಸಂಗಮೇಶ ಯಂತ್ರವನ್ನು ನೋಡಲಿಲ್ಲ, ನನ್ನನ್ನು ನೋಡಿದ. ಸುವರ್ಣಾಳ ಮುಖದಲ್ಲಿ ಆಶ್ಚರ್ಯವೇ ಇರಲಿಲ್ಲ.

"ಅಣ್ಣಾ, ನೀ ಜರಾ ಹೊರಗ ನಿಂದ್ರತಿ?" ಎಂದಳು, ನೆಲ ನೋಡುತ್ತ.

"ಯಾಕ?"

"ನೀ ಬಂದಾಗಷ್ಟೇ ಹಿಂಗ ಆಗ್ತದ. ಉಳದ ದಿನ ಒಮ್ಮಿನೂ ಬಂದ್ ಬೀಳಲ್ಲ. ನಿನಗ ಹ್ಯಾಂಗ ಹೇಳ್ಬೇಕು ತಿಳೀಲಿಲ್ಲ. ಅದಕ್ಕ ಇವರಿಗಿ ಕರ್ಸಿ ಕೇಳ್ದೆ."

ಆಮೇಲೆ ನಡೆದದ್ದು ನನ್ನ ರಿಪೇರಿ. ಮೊಬೈಲು, ಕೈಗಡಿಯಾರ, ಬೀಗದ ಕೈಗಳನ್ನು ಹೊರಗಿಟ್ಟು ಒಳಗೆ ಹೋದೆ, ಯಂತ್ರ ಬಂದ್ ಆಯಿತು. ಚಪ್ಪಲಿ ಬಿಟ್ಟು ಹೋದೆ, ಬಂದ್ ಆಯಿತು. ನನ್ನ ಟೆರಿಕಾಟ್ ಅಂಗಿ ಮೈಗೆ ತಿಕ್ಕಿ ಕರೆಂಟ್ ಹುಟ್ಟಿಸುತ್ತದೇನೋ ಎಂದು ಸಂಶಯ ಬಂದು, ಸುವರ್ಣಾಳ ಗಂಡನ ಹತ್ತಿಯ ಅಂಗಿ ತರಿಸಿ ಹಾಕಿಕೊಂಡು ಹೋದೆ. ಅದಕ್ಕೂ ಬಂದ್ ಆಯಿತು. ಕೊರಳಿನ ಲಿಂಗದ ಬೆಳ್ಳಿ ಕರಡಿಗೆ ಸಂಗಮೇಶನ ಕೊರಳಲ್ಲೂ ಇತ್ತು, ಹಾಗಾಗಿ ಅದರ ಮಾತೇ ಬರಲಿಲ್ಲ. ನಾನು ಹೊರಗೆ ನಿಂತರೆ ಯಂತ್ರ ಸುಮ್ಮನೆ ನಡೆಯುತ್ತಿತ್ತು. ಸಂಗಮೇಶ ಎಷ್ಟು ಸಲ ಹೊರಗೆ ಹೋಗಿ ಒಳಗೆ ಬಂದರೂ ಅದಕ್ಕೆ ಏನೂ ಆಗಲಿಲ್ಲ.

"ಸರ್, ನೀವು ಮಾಡಿದ್ದು ಎಲ್ಲಾ ಬರೋಬ್ಬರಿ ಅದರಿ. ನಾ ಇದ್ರೂ ಇದೇ ಮಾಡ್ತಿದ್ದೆ" ಎಂದ ಸಂಗಮೇಶ. ಯಾರ ಮುಂದೆಯೂ ಹೇಳುವುದಿಲ್ಲ ಎಂದೂ ಅಂದ. ಇಂದಿನವರೆಗೂ ಹೇಳಿಲ್ಲ. ಅವನ ಜಾಗದಲ್ಲಿ ನಾನಿದ್ದರೆ ಇಡೀ ಜಿಲ್ಲೆಗೆ ಡಂಗುರ ಹೊಡೆಯುತ್ತಿದ್ದೆ. ಅವನು ಒಳ್ಳೆಯವನಾಗಿರುವುದು ನನಗೆ ಇನ್ನಷ್ಟು ಉರಿ.

ಮನಸ್ಸಿನ ಕಿಚ್ಚು ಯಂತ್ರಕ್ಕೆ ತಾಗಿರಬೇಕೆಂದು ನೀವು ಹೇಳಬಹುದು. ಅದನ್ನೂ ಯೋಚಿಸಿದ್ದೇನೆ. ಆದರೆ ಯಂತ್ರ ಬಂದ್ ಆಗುವುದು ಶುರುವಾದಾಗ ಸಂಗಮೇಶ ಆ ಅಂಗಡಿಯ ಮೆಟ್ಟಿಲನ್ನೂ ತುಳಿದಿರಲಿಲ್ಲ. ನಾನು ಖುಷಿಯಿಂದಲೇ ಹೋಗುತ್ತಿದ್ದೆ. ಅವನನ್ನು ಹೊಗಳುವ ಗಿರಾಕಿಗಳ ಕಂಪ್ಯೂಟರುಗಳನ್ನು ಹಲ್ಲು ಕಚ್ಚಿ ರಿಪೇರಿ ಮಾಡಿದ್ದೇನೆ, ಅವೆಲ್ಲ ಚೆನ್ನಾಗಿ ನಡೆಯುತ್ತಿವೆ. ಬೀದರಿನಲ್ಲಿ ಸರಿಯಿದ್ದ ಅದೇ ಯಂತ್ರ ತಂಗಿಯ ಅಂಗಡಿಯಲ್ಲಿ ಮಾತ್ರ ನನ್ನನ್ನು ಯಾಕೆ ಸಹಿಸಲಿಲ್ಲವೋ, ನನಗೆ ತಿಳಿಯದು.

ಅಂದಿನಿಂದ ಸಂತೆಯ ದಿನ ಕಾಗದದ ಕಟ್ಟನ್ನು ಮೆಟ್ಟಿಲಲ್ಲೇ ಕೊಡುತ್ತೇನೆ. ಸುವರ್ಣಾ ಚಹಾ ಹೊರಗೆ ತರುತ್ತಾಳೆ. ಅಣ್ಣನಿಗೆ ಒಳಗೆ ಸೆಕೆಯಾಗುತ್ತದೆ ಎಂದು ಪಕ್ಕದವರಿಗೆ ಹೇಳುತ್ತಾಳೆ, ಚಳಿಗಾಲದಲ್ಲೂ.

ಮೊನ್ನೆ ಆ ಹಳೆಯದನ್ನು ತೆಗೆದು ಹೊಸ ಕಂಪ್ಯೂಟರ್ ಇಡಿಸಿದ್ದಾಳೆ. ಜೋಡಿಸಿದವನು ಸಂಗಮೇಶ. ನಾನು ಹೋದಾಗ ಅವನೂ ಅಲ್ಲೇ ಇದ್ದ. "ಎಲ್ಲಾ ಹೊಸಾದು ಅದ ಅಣ್ಣಾ. ಈಗಾರ ಒಳಗ ಬಾ, ಏನೂ ಆಗಲ್ಲ" ಎಂದು ಸುವರ್ಣಾ ಕರೆದಳು. ಸಂಗಮೇಶ ಎದ್ದು ಕುರ್ಚಿ ಬಿಟ್ಟುಕೊಟ್ಟ. ಕಾಲು ಎತ್ತಿದವನು ಹಾಗೇ ನಿಂತೆ. ಇದೂ ಬಂದ್ ಆದರೆ ತಪ್ಪು ಹೊರಿಸಲು ನನಗೆ ಇನ್ನು ಯಾವ ಯಂತ್ರವೂ ಉಳಿಯುವುದಿಲ್ಲ.

"ಬಸ್ಸಿಗಿ ಟೈಮ್ ಆಗ್ಯಾದ" ಎಂದೆ.

ಬೀದರಿನ ಬಸ್ಸು ಆಗಷ್ಟೇ ಹೋಗಿತ್ತು, ಮುಂದಿನದಕ್ಕೆ ಬಹಳ ಹೊತ್ತಿತ್ತು. ಅದು ಅವಳಿಗೂ ಗೊತ್ತಿತ್ತು. ಆದರೂ ಇನ್ನೊಮ್ಮೆ ಕರೆಯಲಿಲ್ಲ.