ಕೆಂಪು ಕಾರಿಗೆ ಹೊಲಿದ ಗವಸು

ನನ್ನ ಭಾವನಿಗೆ ಕೋಟು ಹೊಲಿಯುವುದೊಂದು ಬಿಟ್ಟು ಬೇರೇನೂ ಗೊತ್ತಿರಲಿಲ್ಲ. ಇದನ್ನು ಹೊಗಳಿಕೆ ಎಂದು ಯಾರೂ ತಿಳಿಯಬಾರದು. ಮನುಷ್ಯರನ್ನೂ ಅವರು ಬಟ್ಟೆ ನೋಡಿದ ಹಾಗೇ ನೋಡುತ್ತಿದ್ದರು. ಒಮ್ಮೆ ಬೆರಳಲ್ಲಿ ಸವರಿ ಒಳ್ಳೆಯ ಮಾಲು ಅನ್ನಿಸಿತೋ, ಮುಗಿಯಿತು, ಮತ್ತೆ ಮಗುಚಿ ನೋಡುವ ಅಭ್ಯಾಸವೇ ಇಲ್ಲ. ನಾನು ವಿಮಾ ಕಚೇರಿಯಲ್ಲಿ ಪರಿಹಾರದ ಅರ್ಜಿಗಳನ್ನು ಪರಿಶೀಲಿಸುವವನು. ಯಾರನ್ನೂ ನಂಬದಿರುವುದಕ್ಕೇ ನನಗೆ ಸಂಬಳ. ಸಂಜೆ ಅಕ್ಕನ ಮನೆಗೆ ಹೋಗಿ ಕೂತರೆ, ಈ ಕಾಲದಲ್ಲೂ ಇಂಥವರು ಬದುಕಿಕೊಂಡಿದ್ದಾರಲ್ಲ ಎಂದು ಸಿಟ್ಟೂ ಬರುತ್ತಿತ್ತು, ಹೊಟ್ಟೆ ತಣ್ಣಗೂ ಆಗುತ್ತಿತ್ತು.

"ಅನುಮಾನ ಅನ್ನೋದು ಇಕ್ಕಟ್ಟಿನ ಕೋಟು ಕಣೋ," ಎನ್ನುತ್ತಿದ್ದರು ಭಾವ. "ಹಾಕ್ಕೊಂಡ್ರೆ ಉಸಿರಾಡಕ್ಕಾಗಲ್ಲ. ನೀನು ಅದು ಹೆಂಗೆ ಹಾಕ್ಕೊಂಡು ಓಡಾಡ್ತೀಯೋ."

ಸಿದ್ಧ ಉಡುಪಿನ ಅಂಗಡಿಗಳು ಬೀದಿ ತುಂಬ ಎದ್ದ ಮೇಲೆ ಕೋಟು ಹೊಲಿಸುವವರು ಬರುವುದು ನಿಂತಿತು. ಸೂಜಿಗೆ ದಾರ ಪೋಣಿಸಲು ಭಾವನ ಕಣ್ಣೂ ತಕರಾರು ತೆಗೆಯತೊಡಗಿತ್ತು. ಅಂಗಡಿ ಮಾರಿದರು. ಬಂದ ಹಣದಲ್ಲಿ ಸೋರುವ ತಾರಸಿಯನ್ನು ಸರಿ ಮಾಡಿಸುತ್ತಾರೆ ಎಂದು ನಾನು ಅಂದುಕೊಂಡಿದ್ದರೆ, ಒಂದು ಭಾನುವಾರ ಮನೆ ಮುಂದೆ ಕೆಂಪು ಬಣ್ಣದ, ಎರಡೇ ಸೀಟಿನ, ನನಗಿಂತ ವಯಸ್ಸಾದ ಸ್ಪೋರ್ಟ್ಸ್ ಕಾರೊಂದು ನಿಂತಿತ್ತು.

ಹರೆಯದಲ್ಲಿ ಅವರು ಒಬ್ಬ ಡಾಕ್ಟರ ಅಂಥದ್ದೇ ಕಾರಿಗೆ ಮಡಚುವ ಕ್ಯಾನ್ವಾಸ್ ಚಾವಣಿ ಹೊಲಿದುಕೊಟ್ಟಿದ್ದರಂತೆ. ಮೆಚ್ಚಿದ ಡಾಕ್ಟರು ಪಕ್ಕದಲ್ಲಿ ಕೂರಿಸಿಕೊಂಡು ಊರಾಚೆಯ ಗುಡ್ಡದ ರಸ್ತೆಯಲ್ಲಿ ಒಂದು ಸುತ್ತು ಹಾಕಿಸಿದ್ದರಂತೆ. ಆ ಗಾಳಿ ಇಷ್ಟು ವರ್ಷವಾದರೂ ಇವರ ತಲೆಯಿಂದ ಇಳಿದಿರಲಿಲ್ಲ.

"ನಿಮ್ಮಕ್ಕನ್ನ ಪಕ್ಕದಲ್ಲಿ ಕೂರಿಸ್ಕೊಂಡು ಆ ರಸ್ತೇಲಿ ಒಂದ್ಸಲ ಹೋಗ್ಬೇಕು. ಅಷ್ಟೇ ನನ್ನಾಸೆ," ಎಂದರು.

"ಕೊಳ್ಳೋಕೆ ಮುಂಚೆ ಇಂಜಿನ್ ಯಾರಿಗಾದ್ರೂ ತೋರಿಸಿದ್ರಾ ಭಾವ?"

"ಮಾರಿದವರು ತುಂಬಾ ಮರ್ಯಾದಸ್ಥರು."

ನಾನು ಹಣೆ ಚಚ್ಚಿಕೊಂಡೆ. ಅಕ್ಕ ಮಾತ್ರ ಗಂಡನ ಪಕ್ಷ ಬಿಡಲಿಲ್ಲ. "ಜೀವಮಾನ ಪೂರ್ತಿ ಬೇರೆಯವರ ಮೈಗೆ ಅಳತೆ ಹಿಡಿದಿದ್ದಾರೆ. ಅವರಿಗೆ ಅಂತ ಒಂದು ಬೇಡ್ವಾ? ತಾರಸಿ ಸೋರಿದ್ರೆ ಪಾತ್ರೆ ಇಡ್ತೀನಿ ಬಿಡು," ಎಂದಳು. ಅವಳು ಒಳ್ಳೆಯ ಬಟ್ಟೆ ಉಟ್ಟು ಬರುವಷ್ಟರಲ್ಲಿ ಒಮ್ಮೆ ಓಡಿಸಿ ನೋಡುತ್ತೇನೆಂದು ಹೋದ ಭಾವ ಬೀದಿಯ ತಿರುವಿನಲ್ಲಿ ಹೊಗೆಯ ನಡುವೆ ನಿಂತುಬಿಟ್ಟರು. ಕಾರನ್ನು ತಳ್ಳಿಕೊಂಡು ಮನೆಗೆ ತಂದೆವು. ಅಕ್ಕ ಬಾಗಿಲಲ್ಲಿ ನಿಂತು ನೋಡಿ, ಬಟ್ಟೆ ಬದಲಿಸಲು ಒಳಗೆ ಹೋದಳು.

ಮೊದಲ ಮೆಕ್ಯಾನಿಕ್ಕನನ್ನು ಹುಡುಕಿಕೊಟ್ಟವನು ನಾನೇ. ನಮ್ಮ ಕಚೇರಿಗೆ ಬರುವ ಅಪಘಾತದ ಗಾಡಿಗಳನ್ನು ನೋಡುತ್ತಿದ್ದ ಮನುಷ್ಯ. ಅವನ ಶೆಡ್ಡಿನ ನೆಲ ಗುಡಿಸಿ ಚೊಕ್ಕವಾಗಿತ್ತು, ಸ್ಪ್ಯಾನರುಗಳು ಗೋಡೆಯಲ್ಲಿ ಸಾಲಾಗಿ ನೇತಾಡುತ್ತಿದ್ದವು, ರಿಪೇರಿಗೆ ನಿಂತಿದ್ದು ಒಂದೇ ಗಾಡಿ. ನಾವು ಕಟ್ಟಿ ಎಳೆಸಿಕೊಂಡು ಹೋದ ಕಾರಿನ ಬಾನೆಟ್ ಎತ್ತಿ ಅವನು ಬಹಳ ಹೊತ್ತು ನೋಡಿದ. "ಇಂಜಿನ್ ಬಿರುಕು ಬಿಟ್ಟಿದೆ. ಬೆಸುಗೆ ಹಾಕಬಹುದು, ನಿಲ್ಲುತ್ತೆ ಅಂತ ಮಾತು ಕೊಡಲ್ಲ. ಬೇರೆ ಇಂಜಿನ್ ಹುಡುಕಬೇಕು, ಸಿಗದೆಯೂ ಹೋಗಬಹುದು," ಎಂದ.

ಹೊರಗೆ ಬಂದ ಭಾವ ತಲೆಯಾಡಿಸಿದರು. "ಇವನು ಬೇಡ ಕಣೋ. ಇರೋದೇ ಒಂದು ಗಾಡಿ. ಒಳ್ಳೇ ದರ್ಜಿ ಅಂಗಡೀಲಿ ಕಾಲಿಡಕ್ಕೆ ಜಾಗ ಇರಲ್ಲ."

ಎರಡನೆಯವನನ್ನು ಅವರೇ ಹುಡುಕಿದರು. ಅವನ ಶೆಡ್ಡಿನಲ್ಲಿ ಜಾಗ ಸಾಲದೆ ಕಾರುಗಳು ರಸ್ತೆಯವರೆಗೆ ನಿಂತಿದ್ದವು. ಒಂದರ ಅಡಿಯಿಂದ ತಲೆ ಮಾತ್ರ ಹೊರಹಾಕಿ, "ಈಗಂತೂ ಆಗಲ್ಲ ಯಜಮಾನ್ರೇ, ಮೈ ತುಂಬ ಕೆಲಸ. ಬಿಟ್ಟು ಹೋಗಿ. ಮುಂದಿನ ವಾರ ಬನ್ನಿ, ನೋಡೋಣ," ಎಂದ. ಭಾವನ ಮುಖ ಅರಳಿತು. ಅವರೂ ಜೀವಮಾನವಿಡೀ ಗಿರಾಕಿಗಳಿಗೆ ಹೇಳಿದ್ದು ಇದೇ ಮಾತು; ಹಾಗೆ ಹೇಳಿ ಇಟ್ಟುಕೊಂಡ ಕೋಟುಗಳೆಲ್ಲ ತಡವಾಗಿಯಾದರೂ ಮುಗಿದಿದ್ದವು. ಆ ಕಾರುಗಳು ಸರದಿ ಕಾಯುತ್ತಿವೆಯೋ, ಜೀವ ಬಿಟ್ಟು ಬಿದ್ದಿವೆಯೋ ಎಂದು ನಾನು ಕೇಳಿದ್ದನ್ನು ಅವರು ಕಿವಿಗೇ ಹಾಕಿಕೊಳ್ಳಲಿಲ್ಲ.

ಶೆಡ್ಡಿನ ಧೂಳು ಮಾತ್ರ ಅವರಿಗೆ ಸಹಿಸಲಾಗಲಿಲ್ಲ. ಟೇಪು ಹಿಡಿದು ಹೋಗಿ ಕಾರಿನ ಮೈಯ ಅಳತೆ ತೆಗೆದು, ದಪ್ಪ ಬಟ್ಟೆಯಲ್ಲಿ ಗವಸು ಹೊಲಿದರು. ಕನ್ನಡಿಗಳಿಗೆ ಬೇರೆ ಚೀಲ, ಅಂಚಿಗೆ ಜೋಡಿ ಹೊಲಿಗೆ, ಚಕ್ರ ಮುಚ್ಚಿ ನೆಲ ಮುಟ್ಟುವಷ್ಟು ಉದ್ದ. ತೊಡಿಸಿದರೆ ಎಲ್ಲೂ ಒಂದು ಸುಕ್ಕಿಲ್ಲ. ಆಮೇಲೆ ವಾರವಾರ ಹೋಗಿ, ಗವಸಿನ ಮೇಲೆ ಕೈಯಾಡಿಸಿ, ಬಿಡಿಭಾಗಕ್ಕೆಂದು ಕೇಳಿದ್ದನ್ನು ಕೊಟ್ಟು, ಮುಂದಿನ ವಾರ ಅನ್ನಿಸಿಕೊಂಡು ಬರುತ್ತಿದ್ದರು. ಎತ್ತಿ ನೋಡಲೇ ಇಲ್ಲ.

"ಹೊಲಿಗೆ ಅರ್ಧ ಆಗಿರುವಾಗ ಗಿರಾಕಿ ಬಂದು ಬಟ್ಟೆ ಎತ್ತಿ ನೋಡಿದ್ರೆ ನನಗೆ ಮೈ ಉರೀತಿತ್ತು. ನಾನೇ ಹಂಗೆ ಮಾಡ್ಲಾ?" ಎಂದರು. ನಾನು ಜೊತೆಗೆ ಬರುತ್ತೇನೆಂದರೆ, "ನೀನು ಬೇಡ. ನಿನ್ನ ಮುಖ ನೋಡಿದ್ರೇ ಕೆಲಸ ಮಾಡೋನ ಕೈ ನಿಂತೋಗುತ್ತೆ," ಎಂದು ತಡೆದರು.

ಹೀಗೇ ವರ್ಷ ಕಳೆಯಿತು. ಅಕ್ಕನ ಮಂಡಿ ಹಟ ಹಿಡಿಯಿತು. "ಅಷ್ಟು ತಗ್ಗಿನ ಸೀಟಲ್ಲಿ ಕೂತರೆ ಏಳೋಕಾಗುತ್ತೋ ಇಲ್ವೋ," ಎಂದು ಅವಳು ಅಂದದ್ದೇ ತಡ, ಭಾವ ಅವಳಿಗಾಗಿ ದಪ್ಪನೆಯ ಮೆತ್ತೆಯೊಂದನ್ನು ಹೊಲಿದರು. ಅದು ಸೀಟಿಗೆ ಸರಿಯಾಗಿ ಕೂರುತ್ತದೋ ನೋಡಬೇಕಿತ್ತು. ಗವಸು ತೆಗೆಯಲು ಇನ್ನೊಂದು ಕೈ ಬೇಕೆಂದು ನನ್ನನ್ನೂ ಕರೆದುಕೊಂಡು ಹೋದರು. ಮೆಕ್ಯಾನಿಕ್ ಹೊರಗೆಲ್ಲೋ ಹೋಗಿದ್ದ. ನಾನು ಒಂದು ಬದಿಯ ಲಾಡಿ ಬಿಚ್ಚಿ ಗವಸು ಮೇಲೆತ್ತಿದೆ.

ಸೀಟಿರಲಿಲ್ಲ. ಸ್ಟೀರಿಂಗ್ ಇರಲಿಲ್ಲ. ಬಾನೆಟ್ಟಿನ ಅಡಿಯಲ್ಲಿ ಇಂಜಿನ್ ಇರಬೇಕಾದ ಕಡೆ ಶೆಡ್ಡಿನ ನೆಲ ಕಾಣುತ್ತಿತ್ತು. ಚಕ್ರಗಳ ಜಾಗದಲ್ಲಿ ಇಟ್ಟಿಗೆ ಪೇರಿಸಿದ್ದರು. ಗವಸಿಗೆ ಆಕಾರ ಕೊಡಲು ಬೇಕಾದಷ್ಟು ತಗಡು ಮಾತ್ರ ಉಳಿದಿತ್ತು.

ಆ ಹೊತ್ತಿಗೆ ಬಂದ ಮೆಕ್ಯಾನಿಕ್ಕನ ಮುಖದಲ್ಲಿ ನಾಚಿಕೆಯ ಸುಳಿವೂ ಇರಲಿಲ್ಲ. "ಅದು ಹೆಂಗಿದ್ರೂ ಓಡೋ ಗಾಡಿ ಆಗಿರ್ಲಿಲ್ಲ ಯಜಮಾನ್ರೇ. ಬೇರೆಯವರ ಗಾಡಿಗೆ ಬೇಕಾದಾಗ ಒಂದೊಂದು ತಗೊಂಡೆ. ನೀವು ಒಂದಿನಾನೂ ಎತ್ತಿ ನೋಡ್ಲಿಲ್ಲ. ನಿಮಗೇ ಬೇಡ ಅಂದ್ಕೊಂಡೆ."

ನಾನು ಕೊರಳಪಟ್ಟಿ ಹಿಡಿಯಲು ಹೋದೆ, ಪೊಲೀಸರ ಹೆಸರೆತ್ತಿದೆ, ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಭಾವ ಮೆತ್ತೆಯನ್ನು ಎದೆಗವಚಿಕೊಂಡು ನಿಂತೇ ಇದ್ದರು. ಕೊಟ್ಟದ್ದಕ್ಕೆ ರಸೀದಿಯಿಲ್ಲ, ಸಾಕ್ಷಿಯಿಲ್ಲ. ದೂರು ಕೊಟ್ಟೆವು, ಅದು ಅಲ್ಲೇ ಬಿದ್ದಿದೆ.

ಉಳಿದ ತಗಡನ್ನಾದರೂ ಮಾರಿಬಿಡೋಣವೆಂದು ನಾನು ಒಬ್ಬ ಗುಜರಿಯವನನ್ನು ಹುಡುಕಿದೆ. ಪಾಪದವನು, ನ್ಯಾಯವಾದ ಬೆಲೆಯನ್ನೇ ಹೇಳಿದ. ಸಂಜೆ ಹೋಗಿ ಭಾವನಿಗೆ ತಿಳಿಸಿದೆ. ಅವರು ಕನ್ನಡಕ ತೆಗೆದು ನನ್ನನ್ನೇ ದಿಟ್ಟಿಸಿದರು.

"ಇದರಲ್ಲಿ ನಿನಗೆಷ್ಟು ಸಿಗುತ್ತೆ?"

ತಮಾಷೆ ಎಂದುಕೊಂಡು ನಕ್ಕೆ. ಅವರು ನಗಲಿಲ್ಲ.

"ಆ ಮೊದಲನೇ ಮೆಕ್ಯಾನಿಕ್ಕೂ ನಿಮ್ಮ ಕಚೇರಿಗೆ ಬರೋನೇ ಅಲ್ವಾ? ಇಂಜಿನ್ ಹೋಗಿದೆ ಅಂತ ಅವನ ಕೈಲಿ ಹೇಳಿಸಿದ್ದು ಯಾರು?"

ನನ್ನ ಮೇಜಿನ ಮುಂದೆ ಕೂತವರಿಗೆ ನಾನು ದಿನವೂ ಕೇಳುವ ಪ್ರಶ್ನೆಗಳು ಅವು, ಅದೇ ತಣ್ಣನೆಯ ದನಿ. ನನಗೆ ಅಳು ಬಂತು. ಬೇರೆ ಯಾರು ಕೇಳಿದ್ದರೂ ತಡೆದುಕೊಳ್ಳುತ್ತಿದ್ದೆ.

"ಏನಂತ ಮಾತಾಡ್ತಿದ್ದೀರಿ?" ಎಂದಳು ಅಕ್ಕ. "ನೀವೇ ಬೆಳೆಸಿದ ಹುಡುಗ ಅವನು."

"ನೀನು ಸುಮ್ನಿರು. ನೀನೂ ಅವನ ಕಡೆಯೇ."

ನಾನು ಎದ್ದು ಬಂದೆ. ಅಕ್ಕ ಮಂಡಿ ಹಿಡಿದುಕೊಂಡು ಗೇಟಿನವರೆಗೆ ಹಿಂದೆಯೇ ಬಂದಳು. ಅವಳನ್ನು ಸಮಾಧಾನ ಮಾಡುವುದು ನನ್ನ ಪಾಲಿಗೆ ಬಂತು. "ಕಾರು ಹೋದ ಸಂಕಟ ಅಕ್ಕ. ಸ್ವಲ್ಪ ದಿನ ಹೋದ್ರೆ ಸರಿ ಹೋಗ್ತಾರೆ," ಎಂದೆ.

ಅವಳು ನನ್ನ ಕೈ ಹಿಡಿದುಕೊಂಡಳು. "ನಿನ್ನೆ ಬೀರುವಿನ ಬೀಗದ ಕೈ ಇಸ್ಕೊಂಡ್ರು ಕಣೋ," ಎಂದಳು. "ಮದುವೆ ಆದಾಗಿಂದ ನನ್ನ ಹತ್ರಾನೇ ಇತ್ತು."

"ಅಲ್ಲೇನು ಇಬ್ಬರದೂ ಗುಸುಗುಸು?" ಎಂದು ಭಾವ ಒಳಗಿನಿಂದ ಕೇಳಿದರು. ಅಕ್ಕ ನನ್ನ ಕೈ ಬಿಟ್ಟು ಒಳಗೆ ಹೋದಳು.